ನೂರ ನಲವತ್ತೊಂದನೇ ಪ್ರತಿ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ರಾತ್ರಿ ಪಾಳಿಗೆ ಇಬ್ಬರು:
ನಾನು, ಮತ್ತು ಸುನಯನಾ ಮಾಜಾಳಿಕರಳ ದನಿ.
ಅವಳಿಗೆ ಇದು ಗೊತ್ತಿಲ್ಲ.

ಸೀಡಿಯ ಹೆಸರು ‘ಇಳಿತ’.
ಎಂಟು ಹಾಡು, ಮೂವತ್ತೊಂದು ನಿಮಿಷ.
ಅಂಕೋಲೆ ಬಸ್‌ಸ್ಟ್ಯಾಂಡಿನೆದುರು ಝೆರಾಕ್ಸ್ ಅಂಗಡಿಯಲ್ಲಿ
ಗೋಂದಿನ ಬಾಟಲಿಗೆ ಒರಗಿ ಕೂತಿತ್ತು.
ಚಿಲ್ಲರೆಯಿಲ್ಲ ಎಂದು ಅಂಗಡಿಯವ
ಐವತ್ತು ರೂಪಾಯಿಯ ಬದಲು ಅದನ್ನೇ ಚಾಚಿದ.
ನನ್ನ ಪಾಲಿಗೆ ಸಂಗೀತ ಬಂದದ್ದು ಹೀಗೆ,
ಬಾಕಿ ಹಣವಾಗಿ.

ಹೊದಿಕೆ ಡ್ರಾಯಿಂಗ್ ಶೀಟು, ಕೈಯಲ್ಲೇ ಮಡಚಿದ್ದು.
ಒಳಗೆ ಬಾಲ್‌ಪೆನ್ನಿನಲ್ಲಿ: ಇನ್ನೂರರಲ್ಲಿ ೧೪೧.
ಅದರಡಿ, ಇನ್ನೂ ಸಣ್ಣಕ್ಷರದಲ್ಲಿ:
‘ಹಾಡಿದ್ದು ಬೇಲೆಕೇರಿ ಅಂಗನವಾಡಿಯಲ್ಲಿ, ಭಾನುವಾರಗಳಂದು.
ಮ್ಯಾಂಡೊಲಿನ್ನಿನ ಒಂದು ತಂತಿ ತಂಗೂಸಿ.
ಕ್ಷಮೆ ಇರಲಿ.’

ಕ್ಷಮೆ ಯಾಕೆ ಟೀಚರೇ,
ಮೊಳದುದ್ದ ಇಸ್ವಾಣ ಎಳೆದು ತರುವ ದಾರ
ನನ್ನನ್ನು ಎಳೆಯಲು ಸಾಲದೆ?

ಎರಡನೆಯ ಹಾಡಿನ ನಡುವೆ
ಬೈಕಿನ ಮೀನಿನವ ಪೋಂಪೋಂ ಎಂದು ಹಾಯುತ್ತಾನೆ.
ಅವಳು ನಿಲ್ಲಿಸುವುದಿಲ್ಲ, ದನಿ ಏರಿಸುವುದೂ ಇಲ್ಲ;
ಓಣಿಯಲ್ಲಿ ಎದುರಾದವರಿಗೆ
ಕೊಡ ಸೊಂಟದಲ್ಲಿಟ್ಟೇ ಪಕ್ಕಕ್ಕೆ ಸರಿಯುವ ಹಾಗೆ ಸರಿದು
ಬಿಟ್ಟ ಅಕ್ಷರದಿಂದಲೇ ಮುಂದೆ ನಡೆಯುತ್ತಾಳೆ.
ದುಡ್ಡಿದ್ದವರು ಅದನ್ನು ಅಳಿಸಿಬಿಡುತ್ತಿದ್ದರು.

ನಾಲ್ಕನೆಯದರಲ್ಲಿ ಒಂದು ಸಾಲಿದೆ:
‘ಹೋದವನ ಚಪ್ಪಲಿ
ಬಂದವನ ಕಾಲಿಗೆ ಸರಿಯಾಗಿದೆ.’
ಅಷ್ಟು ಹೇಳಿ ನಗುತ್ತಾಳೆ, ತಾಳ ತಪ್ಪುತ್ತದೆ.

ಐದನೆಯದು ಬರೀ ಎಣಿಕೆ.
ಒಂದು, ಎರಡು, ಮೂರು, ನಾಲ್ಕು, ಐದು, ಆರು, ಎಂಟು.
ಏಳನ್ನು ಸದಾ ನುಂಗುವ ಒಬ್ಬ ಪೋರನಿಗೆ ಈ ಹಾಡು
ಎಂದು ಹೊದಿಕೆಯಲ್ಲಿ ಬರೆದಿದ್ದಾಳೆ, ತಮಾಷೆಗೆ.
ನಸುಕಿಗೆ ಐಸು ಒಯ್ಯಲು ಬಂದ ಪುರ್ಸು ತಾಂಡೇಲ
ಬುಟ್ಟಿ ಕೆಳಗಿಟ್ಟು ಕೇಳಿದ, ಎರಡು ಸಲ.
‘ಬರದೇ ಇದ್ದ ಏಳನೇ ಬೋಟು ಯಾರದು?’ ಅಂದ.
ಪೋರನ ಸಂಗತಿ ನಾನು ಹೇಳಲಿಲ್ಲ.

ಆದರೆ ಹೊಗಳಬೇಕೆಂದು ಹೊರಟದ್ದು ಮೂರನೆಯದನ್ನು.
ಇಡೀ ಒಂದು ಸೀಸನ್ನು ಸಿಕ್ಕವರಿಗೆಲ್ಲ ಹೇಳಿದ್ದೆ:
ಅದರ ಶ್ರುತಿ ಕೇಳಿ, ನೆಲದಡಿಯಿಂದ ಏಳುತ್ತದೆ,
ಯಾವ ಊರಿನ ತಂಬೂರಿಯೋ, ಎಷ್ಟು ಹಳೆಯದೋ!

ಜೂನ್ ಬಂತು. ಮೀನುಗಾರಿಕೆ ಬಂದ್.
ಬೋಟುಗಳು ದಡದಲ್ಲಿ ತೆಕ್ಕೆ ಬಿದ್ದು ನಿಂತವು,
ಕ್ಯಾನುಗಳು ಒಣಗಿದವು, ಕಂಪ್ರೆಸರ್ ಆಫ್.
ಅಮೋನಿಯಾ ವಾಸನೆ ಮಾತ್ರ ಸಂಬಳವಿಲ್ಲದೆ ಉಳಿಯಿತು.
ವಾಡಿಕೆಯಂತೆ ಮೂರನೆಯದು ಹಾಕಿದೆ.

ಶ್ರುತಿಯೇ ಇಲ್ಲ.

ಕೇಬಲ್ ನೋಡಿದೆ, ಸೀಡಿಯನ್ನು ಲುಂಗಿಯಲ್ಲಿ ಒರೆಸಿದೆ.
ಇಲ್ಲ. ತಂಬೂರಿ ಇರಲೇ ಇಲ್ಲ ಯಾವತ್ತೂ.
ಹತ್ತು ತಿಂಗಳು ನಾನು ಕೈಮುಗಿದ ಷಡ್ಜ
ನಾನೇ ಎಣ್ಣೆ ಹಾಕುವ ಯಂತ್ರದ್ದು.

ಅವಳು ಒಬ್ಬಳೇ ಇದ್ದಳು ಅಲ್ಲಿ,
ಗೇಣೆತ್ತರದ ಕುರ್ಚಿಗಳ ನಡುವೆ,
ಅ ಆ ಇ ಈ ಅಂಟಿಸಿದ ಗೋಡೆಗೆ ಬೆನ್ನು ಕೊಟ್ಟು.
ಹಿಡಿದುಕೊಳ್ಳಲು ಏನೂ ಇಲ್ಲದೆ ಹಾಡುತ್ತಿದ್ದಳು,
ಒಂದು ಕೂದಲೂ ಆಚೀಚೆ ಆಗದ ಹಾಗೆ.
ಬೆವೆತೆ. ನಾಚಿಕೆಗೋ ಏನೋ,
ಪ್ಲೇಯರಿನ ಬಳಿ ನನ್ನ ಸ್ಟೂಲು ಎಳೆದುಕೊಂಡು ಕೂತೆ,
ಅವಳಿಗೆ ಜೊತೆ ಎಂಬಂತೆ.

ಕೆಲವೊಮ್ಮೆ ಯೋಚನೆ ಬರುತ್ತದೆ:
೧೪೦ ಯಾರ ಬಳಿಯಿದೆ? ೧೪೨?
ಸದಾಶಿವಗಡದ ಯಾವುದೋ ಟೇಲರನ ಬಳಿಯೋ,
ಯಾವ ಗ್ಯಾರೇಜಿನಲ್ಲಿ ಕನ್ನಡಿಯಾಗಿ ನೇತಾಡುತ್ತಿದೆಯೋ.
ಎಡಮನೆ ಬಲಮನೆಯವರು ಅವರು ನನಗೆ,
ಮುಖ ಗೊತ್ತಿಲ್ಲ, ಅಷ್ಟೇ.

ಆಗಸ್ಟ್ ಒಂದು. ಲಾರಿಗಳು ಸಾಲಿನಲ್ಲಿವೆ.
ಸ್ವಿಚ್ಚಿನ ಮೇಲೆ ಕೈಯಿಟ್ಟು ನಾಲ್ಕು ನಿಮಿಷ ತಡ ಮಾಡಿದೆ.
ಮೂರನೆಯ ಹಾಡು ಅಷ್ಟೇ ಉದ್ದ.
ಮ್ಯಾನೇಜರು ಕೇಳಿದರೆ
ವೋಲ್ಟೇಜು ಇರಲಿಲ್ಲ ಅನ್ನುತ್ತೇನೆ.