ಸಾವಿರದ ನಲವತ್ತೊಂದು

ನೆಹರು ಗಂಜಿನ ಬ್ಯಾಳಿ ಮಿಲ್ಲಿನ
ಮಾಳಿಗೆ ಮೇಲೆ ನನ್ನ ಖೋಲಿ.
ಕೆಳಗೆ ರೋಲರ್ ತಿರುಗಿದರೆ
ಕಪ್ಪಿನಲ್ಲಿ ಚಹಾ ಬಳೆ ಬಳೆಯಾಗಿ ನಡುಗುತ್ತದೆ.
ಕೀಲಿಮಣೆಯ ಸಂದಿನಲ್ಲೆಲ್ಲ ತೊಗರಿ ಹೊಟ್ಟು.

ಜನವರಿ, ಸುಗ್ಗಿಯ ಭರ.
ಮುನೀಮ ಗುಂಡೇರಾಯರು ಮೆಟ್ಟಿಲ ಬುಡದಿಂದಲೇ:
"ಜಗದೇವಿ, ತೂಕದ ಪಟ್ಟಿ ಒತ್ತಿ
ಚಾ ಕುಡದು ಬಂದ್ರೂ ತೆರೆದಿಲ್ಲ ನೋಡವಾ.
ಇದಕಿಂತ ಚೋಪಡಿ ಛಲೋ ಇತ್ತು."

ಲಾಗ್ ತೆರೆದೆ.
ಮೊದಲು ಒಂದು ಪ್ರಶ್ನೆ: ಇವತ್ತಿನ ಚೀಟಿಗಳೆಲ್ಲ ಕೊಡು.
ಕೊಟ್ಟಿತು ಡೇಟಾಬೇಸು, ಸಾವಿರದ ನಲವತ್ತು,
ರೆಪ್ಪೆ ಬಡಿಯುವುದರೊಳಗೆ.
ಆಮೇಲೆ ಶುರು.
ಮೊದಲ ಚೀಟಿಯ ರೈತ ಯಾರು?
ಎರಡನೇ ಚೀಟಿಯ ರೈತ ಯಾರು?
ಮೂರನೆಯದರ?
ಸರ್ವರ್ ಇರುವುದು ಮುಂಬೈಯಲ್ಲಿ,
ಹೋಗಿ ಬರಲು ಅರವತ್ತು ಮಿಲಿಸೆಕೆಂಡು.
ಲೆಕ್ಕ ಹಾಕಿದೆ: ಒಂದು ನಿಮಿಷ, ಮೇಲೆರಡು ಸೆಕೆಂಡು.
ಗುಂಡೇರಾಯರ ಚಹಾ ಸುಳ್ಳಲ್ಲ.

ತಪ್ಪು ನನ್ನದೇ.
ರೈತನ ಜಾಗದಲ್ಲಿ ನಾನಿಟ್ಟದ್ದು ರೈತನನ್ನಲ್ಲ,
ನಂಬರು ಬರೆದ ಖಾಲಿ ಚೀಲ.
ಯಾರಾದರೂ ಮುಟ್ಟಿ ಹೆಸರು ಕೇಳಿದರೆ ಮಾತ್ರ
ಓಡಿಹೋಗಿ ತುಂಬಿಕೊಂಡು ಬರುತ್ತದೆ.
ಲೇಜಿ ಅನ್ನುತ್ತಾರೆ ಇದಕ್ಕೆ, ಸೋಮಾರಿ.
ಇಷ್ಟು ಓಡಾಡುವ ಸೋಮಾರಿಯನ್ನು
ನಾನಂತೂ ಗಂಜಿನಲ್ಲಿ ಕಂಡಿಲ್ಲ.

ಸಿಟ್ಟಿಗೆ ಬರೆದೆ: ಎಲ್ಲವನ್ನೂ ಮೊದಲೇ ತಾ.
ಚೀಟಿ ರೈತನನ್ನು ಕರೆತಂತು,
ರೈತ ಆರು ವರ್ಷದ ತನ್ನ ಚೀಟಿಗಳನ್ನು,
ಆ ಚೀಟಿಗಳು ತಮ್ಮ ತಮ್ಮ ಲಾರಿಗಳನ್ನು,
ಲಾರಿಗಳು ತಾವು ಹೊತ್ತ ಊರೂರಿನ ಮೂಟೆಗಳನ್ನು.
ಗಂಜಿನ ನಾಲ್ಕೂ ಗೇಟು ಒಮ್ಮೆಲೇ ತೆಗೆದಂತಾಗಿ
ಮೆಮೊರಿ ತುಂಬಿ ಸರ್ವರ್ ಮಲಗಿತು.
ಕೆಳಗೆ ಕಾಟಾದ ಮೇಲಿನ ಟ್ರ್ಯಾಕ್ಟರು
ಇಳಿಯಲೂ ಆಗದೆ ನಿಂತಿತ್ತು.

ಮತ್ತೆ ಹಿಂದಕ್ಕೆ ತಿರುಗಿಸಿದೆ.
ಕನೆಕ್ಷನ್ ಉಳಿಯಲೆಂದು
ಪಟ್ಟಿ ಸಿಕ್ಕ ಕೂಡಲೇ ಬಾಗಿಲು ಹಾಕಿದೆ.
ಪುಟ ಹೆಸರು ಕೇಳಿದ್ದು ಬಾಗಿಲು ಹಾಕಿದ ಮೇಲೆ.
ಕೆಂಪಕ್ಷರ: ಸೆಷನ್ ಇಲ್ಲ.
ಚೀಲಗಳೆಲ್ಲ ನಂಬರು ಹಿಡಿದು ಹೊರಗೇ ನಿಂತವು.

ಸಂಜೆ ನಾಲ್ಕೂವರೆಗೆ ಹೊಳೆಯಿತು,
ಹೊಳೆಯಿತೇನು, ಗೊತ್ತಿದ್ದದ್ದೇ,
ಬೆಳಿಗ್ಗೆ ಬರೆಯಲು ಬೇಸರವಾಗಿತ್ತು:
ಈ ಪುಟಕ್ಕೆ, ಈ ಚೀಟಿಗಳಿಗೆ,
ರೈತನ ಹೆಸರು, ಊರು, ಅಷ್ಟೇ,
ಜೋಡಿಸಿಕೊಂಡು ಒಂದೇ ಸಲಕ್ಕೆ ಬಾ.
ಸಾವಿರದ ನಲವತ್ತೊಂದು ಹೋಗಿ ಒಂದು.
ಗುಂಡೇರಾಯರು ಪಟ್ಟಿ ನೋಡಿ "ಹಾಂ" ಅಂದರು.

ಎರಡನೇ ಚಹಾ ತಂದ ಲಾಡ್ಲೇಸಾಬ್.
ಕಂಪ್ಯೂಟರ್ ಬರುವ ಮೊದಲು
ಅಟ್ಟದ ಚೋಪಡಿ ಇಳಿಸುತ್ತಿದ್ದವನು ಇವನೇ.
ಹಿರೇ ಸಾವ್ಕಾರರು ಒಂದು ಹೆಸರು ಕೂಗಿದರೆ
ಒಂದು ಸಲ ನಿಚ್ಚಣಿಕಿ ಹತ್ತುವುದು,
ಇಳಿದು ಇನ್ನೂ ಧೂಳು ಕೊಡವುತ್ತಿದ್ದಂತೆ ಇನ್ನೊಂದು ಹೆಸರು.
ಎಷ್ಟು ಸಲ ಹತ್ತಿದನೋ,
ಅವನ ಮೊಣಕಾಲಿಗೆ ಲಾಗ್ ಇಲ್ಲ.

ಹನ್ನೊಂದು ವರ್ಷ ದಿನಕ್ಕೆರಡು ಚಹಾ.
ನನಗೆ ಅವನ ಹೆಸರು ಗೊತ್ತು,
ಪಗಾರದ ಪಟ್ಟಿಯಲ್ಲಿ ನಂಬರು ಹದಿನೇಳು.
ಮುಂದಿನದನ್ನು ನಾನು ಕೇಳಿಲ್ಲ,
ಆದ್ದರಿಂದ ಬಂದಿಲ್ಲ.

"ಲಾಡ್ಲೇಸಾಬ್, ನಿಮ್ಮ ಊರು ಯಾವುದು?"

ಖಾಲಿ ಕಪ್ಪು ಎತ್ತಿಕೊಳ್ಳುತ್ತ ನನ್ನನ್ನೇ ನೋಡಿದ.
"ಯಾಕಮ್ಮಾ, ಫಾರಂ ತುಂಬಾದು ಅದ ಏನು?"
"ಇಲ್ಲ, ಸುಮ್ಮನೆ."
ನಕ್ಕ. ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದ.
ನಾಲ್ಕು ಮೆಟ್ಟಿಲಾದ ಮೇಲೆ,
ತಿರುಗದೆಯೇ, ಏನೋ ಹೇಳಿದ.
ಅಷ್ಟರಲ್ಲಿ ರೋಲರ್ ಮತ್ತೆ ಶುರುವಾಗಿತ್ತು.
ಕೊನೆಯ "ಗೇರಾ" ಅಷ್ಟೇ ಕೇಳಿಸಿತು.
ಯಾದಗಿರಿ ಕಡೆ ಗೇರಾ ಅಂತ ಮುಗಿಯುವ ಊರು
ಬೇಕಾದಷ್ಟಿವೆ.