ಏಡಿ ತೂತು

ಮಾನಸಗಂಗೋತ್ರಿಯ ಕತ್ತಲೆ ಕೋಣೆಯಲ್ಲಿ
ಬೆಳಗಿನಿಂದ ಒಂದೇ ಕೆಲಸ ನನಗೆ:
ಸತ್ತವರ ಮಿದುಳಿನ ತೆಳು ಹೋಳಿಗೆ ಬಣ್ಣ ಕುಡಿಸಿ
ನರಕೋಶದ ನಡುವೆ ಕೋಶಕೇಂದ್ರದ ಅಂಚು ನೋಡುವುದು.
ದುಂಡಗಿದ್ದರೆ ಒಂದು ಗೀಟು,
ಸುಕ್ಕಿದ್ದರೆ ಇನ್ನೊಂದು.

ಇಂದು ನೂರ ಹನ್ನೊಂದು ಎಣಿಸಿದೆ. ಅರವತ್ತು ಸುಕ್ಕು.
ತೇವ ತಾಗಿದ ಹಪ್ಪಳದ ಹಾಗೆ
ಒಳಕ್ಕೆ ಮಡಿಚಿಕೊಂಡ ಪೊರೆ;
ಕೆಲವಕ್ಕೆ ಬದಿಯಲ್ಲೊಂದು ಸಣ್ಣ ಬಾಯಿ.

ನಂಜಮಾದ ದೊಡ್ಡಪ್ಪ ನಮ್ಮೂರ ನೀರುಗಂಟಿ.
ವೀಸಿ ನಾಲೆಯ ಏಳನೇ ತೂಬು
ಮೂವತ್ತು ವರ್ಷ ಅವನ ಕೈಯಲ್ಲಿತ್ತು.
ಯಾರ ಗದ್ದೆಗೆ ಯಾವ ಜಾವ, ಎಷ್ಟು ಗೇಣು,
ಚೀಟಿಯಿಲ್ಲ ಪುಸ್ತಕವಿಲ್ಲ, ಎಲ್ಲ ತಲೆಯಲ್ಲೇ.
ಗುದ್ದಲಿ ಹೆಗಲಿಗಿಟ್ಟು ಬದುವಿನ ಮೇಲೆ ನಡೆಯುತ್ತ
ಕಾಲ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ.
"ನಾಲೆ ಒಡುದ್ರೆ ಊರೇ ಎದ್ದು ಓಡ್ತದೆ ಕಣ್ ಮಗ.
ಏಡಿ ತೂತು ಅಂಗಲ್ಲ.
ರಾತ್ರಿಯೆಲ್ಲ ಸದ್ದಿಲ್ದೆ ಕುಡೀತದೆ.
ಬೆಳಿಗ್ಗೆ ನೋಡುದ್ರೆ ಈ ಗದ್ದೆ ಒಣಗಿರ್ತದೆ,
ಪಕ್ಕದ್ದು ಕೊಳೀತಿರ್ತದೆ."

ಪೊರೆಗೂ ತೂಬುಗಳಿವೆ, ಸಾವಿರಾರು.
ಬರುವುದು ಬರಬೇಕು, ಹೋಗುವುದು ಹೋಗಬೇಕು,
ಸರದಿಯಲ್ಲಿ.
ನರಕೋಶ ಇನ್ನೊಂದನ್ನು ಹಡೆಯುವುದಿಲ್ಲ;
ಎಳವೆಯಲ್ಲಿ ಕಟ್ಟಿದ ತೂಬೇ ಎಂಬತ್ತು ವರ್ಷ ತಡೆಯಬೇಕು.
ಅಂಚು ಹರಿದರೆ
ಒಳಗೆ ಸುತ್ತಿಟ್ಟ ದಾರ ಹೊರಗಿಣುಕುತ್ತದೆ,
ಕಾವಲಿನವರು ಗುರುತು ಹಿಡಿಯದೆ
ತಮ್ಮದೇ ದಾರಕ್ಕೆ ಬೊಗಳುತ್ತಾರೆ.

ಹೋದ ಮಾರ್ನಮಿ ಕತ್ತಲಲ್ಲಿ ದೊಡ್ಡಪ್ಪ
ಹಿತ್ತಿಲ ಬೇಲಿ ಹಾರಿ ಮನೆಗೆ ಬಂದ.
ಅವನೇ ಸಾಕಿದ ನಾಯಿ ಮೇಲೆರಗಿತು.
ದೊಡ್ಡವ್ವ ಟಾರ್ಚು ಹಿಡಿದು ಓಡಿಬಂದರೆ
"ನೀನ್ಯಾರ ಮನೆಯೋಳವ್ವ?" ಅಂದ.

ಯಾವುದು ಮೊದಲೋ ಗೊತ್ತಿಲ್ಲ ಅನ್ನುತ್ತಾರೆ ನಮ್ಮ ಮೇಡಂ.
ಅಂಚು ಹರಿದು ಮರೆವು ಬಂತೋ,
ಬೇರೇನೋ ಕೊರೆದು ಅಂಚು ಹರಿಯಿತೋ.
"ನೀನು ಗೀಟು ಹಾಕ್ತಾ ಇರು."

ಭಾನುವಾರ ಊರಿಗೆ ಹೋಗಿದ್ದೆ.
ನನ್ನ ಹೆಸರು ಅವನಿಗೆ ಸಿಗಲಿಲ್ಲ, ಹುಡುಕಲೂ ಇಲ್ಲ.
ಗದ್ದೆ ಕಡೆ ನಡೆಸಿಕೊಂಡು ಹೋದೆ.
ಬದುವಿನ ಮೇಲೆ ತಟ್ಟನೆ ನಿಂತ.
ಹೆಬ್ಬೆರಳು ಒತ್ತಿತು. ಕುಕ್ಕರುಗಾಲಲ್ಲಿ ಕೂತು
ಹುಲ್ಲು ಕೆಸರು ಸೇರಿಸಿ ಉಂಡೆ ಕಟ್ಟಿ
ತೂತಿಗೆ ತುರುಕಿ ಅಂಗೈಯಲ್ಲಿ ಬಡಿದ, ಮೂರು ಸಲ.
ಯಾರದೋ ಗದ್ದೆ ಅದು. ತೂಬೂ ಈಗ ಬೇರೆಯವರದು.

ಕೈ ತೊಳೆಯದೆ ನನ್ನ ಕೈ ಹಿಡಿದುಕೊಂಡ.
ಮೈಸೂರಿನ ಬಸ್ಸಲ್ಲಿ ಉಗುರ ಸಂದಿನ ಮಣ್ಣು ಕೆದಕಲಿಲ್ಲ ನಾನು.
ಸೋಮವಾರದ ಕೈಗವಸು
ಅದರ ಮೇಲೇ ತೊಟ್ಟೆ.