ಕೈಯಳತೆಯ ಗೂಡುಗಳು

ಔಲು ಪಟ್ಟಣದಲ್ಲಿ ಜನವರಿ. ಮೂರಕ್ಕೇ ಹೊತ್ತು ಮುಳುಗಿ
ನದಿಯ ಹಿಮಗಡ್ಡೆಗೆ ಯಾರೋ ತೂತು ಕೊರೆದು
ಮೀನಿಗೆ ಕಾದಿದ್ದಾರೆ. ಮೂರನೇ ಮಹಡಿಯಲ್ಲಿ ತುಯಿರೆ
ಒಂದು ಅಂಕಿಯನ್ನು ದಿಟ್ಟಿಸುತ್ತಿದ್ದಾಳೆ: ನೂರಾ ಇಪ್ಪತ್ತೆಂಟು.

ಅಷ್ಟೇ ಗೂಡುಗಳು ಕರ್ನಲ್ಲಿನ ಆ ಹ್ಯಾಶ್ ಪಟ್ಟಿಗೆ.
ಬಗಲಲ್ಲಿ ಹಳಬನೊಬ್ಬನ ಷರಾ: "ಇಷ್ಟು ಸಾಕು, ಬಹುಶಃ."
ಅವನ ಕಾಲಕ್ಕೆ ಸಾಕಿತ್ತು.
ಮೂವತ್ತು ಮನೆಯ ಊರಿನ ಅಂಚೆಯವನಿಗೆ ವಿಳಾಸ ಯಾಕೆ?
ಈಗ ನಲವತ್ತು ಸಾವಿರ ಸಂಪರ್ಕ. ಬಂದ ಪ್ರತಿ ಪ್ಯಾಕೆಟ್ಟೂ
ಗೂಡಿನ ಬಾಯಲ್ಲಿ ನಿಂತು
ನೀನಾ? ಅಲ್ಲ. ನೀನಾ? ಅಲ್ಲ. ನೀನಾ?
ಎಂದು ಮುನ್ನೂರು ಕೊಂಡಿಯ ಸರಪಳಿ ತಡವುತ್ತ,
ಅಷ್ಟರಲ್ಲಿ ಹಿಂದಿನವು ಸಾಲುಗಟ್ಟಿ, ಕೆಲವು
ಸದ್ದಿಲ್ಲದೆ ನೆಲಕ್ಕುದುರಿ.

ಕಟ್ಟಿಬಿಡೋಣ, ಎಂದಳು. ಹತ್ತು ಲಕ್ಷ ಗೂಡು!
ಕಂಪೈಲ್ ಮಾಡಿ, ಯಂತ್ರ ಎಬ್ಬಿಸಿ, ಕಾಫಿ ಬಸಿದು ಬಂದು ನೋಡಿದರೆ
ಅಂದುಕೊಂಡ ಓಟವಿಲ್ಲ.
ಸರಪಳಿ ಇಲ್ಲ, ನಿಜ. ಆದರೆ ಪ್ರತಿ ಗೂಡೂ ದೂರ,
ಪ್ರತಿ ಗೂಡೂ ತಣ್ಣಗೆ; ಪ್ರೊಸೆಸರ್ ಮಡಿಲಿನ ಕ್ಯಾಶ್ ಬಿಟ್ಟು
ಆಚೆ ದಂಡೆಯ ಮೆಮೊರಿಗೆ ಈಜಿ ಈಜಿ ಬರುತ್ತಿದೆ.

ಆಗ ನೆನಪಾದದ್ದು ಅಮ್ಮ, ಔನೆ.
ರೊವಾನಿಯೆಮಿಯ ರಾತ್ರಿ ರೈಲಿನ ಅಂಚೆಬೋಗಿಯಲ್ಲಿ
ಹತ್ತೊಂಬತ್ತು ವರ್ಷ ಕಾಗದ ವಿಂಗಡಿಸಿದವಳು.
ಅವಳ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಮೇಲೆ.
ಹೊಸ ಸಾಹೇಬ ಎರಡು ಕಪಾಟನ್ನು ಐದು ಮಾಡಿಸಿದನಂತೆ,
ಹಳ್ಳಿಗೊಂದು ಗೂಡು. "ರೈಲು ಕೆಮಿ ಮುಟ್ಟುವಷ್ಟರಲ್ಲಿ
ನಾನೂ ಬೋಗಿಯೊಳಗೆ ಕೆಮಿಯವರೆಗೆ ನಡೆದಿರುತ್ತಿದ್ದೆ."
ಆಮೇಲೆ ಯಾರನ್ನೂ ಕೇಳದೆ
ಮೂರು ಕಪಾಟಿಗೆ ಗೋಣಿ ಹೊದಿಸಿದ್ದಳು.
"ನಿಂತಲ್ಲಿಂದ ಕೈಗೆಟುಕಬೇಕು. ಒಂದು ಗೂಡಲ್ಲಿ
ಎರಡೋ ಮೂರೋ ಊರಿದ್ದರೆ ಇರಲಿ,
ಹೆಬ್ಬೆರಳಿಗೆ ಅದೇನು ಭಾರ?"

ತುಯಿರೆ ಇಳಿಸಿದಳು. ಎಂಟು ಸಾವಿರಕ್ಕೆ
ಸರಪಳಿ ಮತ್ತೆ ಉದ್ದ. ಏರಿಸಿದಳು.
ಹದಿನಾರು ಸಾವಿರದ ಮುನ್ನೂರ ಎಂಬತ್ತನಾಲ್ಕು:
ಎರಡನ್ನು ಇಮ್ಮಡಿಸಿ ಇಮ್ಮಡಿಸಿ ಸಿಕ್ಕಿದ್ದು,
ಭಾಗಾಕಾರದ ಗೊಡವೆಯಿಲ್ಲ. ಗೂಡಿಗೆ ಎರಡೋ ಮೂರೋ.
ಗ್ರಾಫಿನ ಗೆರೆ ಮೆತ್ತಗೆ ಕೂತಿತು.
ಪಕ್ಕದ ಮೇಜಿನ ವೆಸಾ ತಲೆ ಎತ್ತಲೂ ಇಲ್ಲ.

ನಾಳೆ ನಲವತ್ತು ಲಕ್ಷವಾದರೆ ಇದೂ ಸಾಲದು, ಗೊತ್ತು.
ಒಂದು ಅಂಕಿ ಅಳಿಸಿ ಒಂದು ಅಂಕಿ ಬರೆದಳು.
ಹಳಬನ ಷರಾ ಹಾಗೇ ಬಿಟ್ಟಳು;
ಆ "ಬಹುಶಃ" ಇನ್ನೂ ಕೆಲಸಕ್ಕೆ ಬರುತ್ತದೆ.

ಕೆಳಗೆ ಮೀನಿನವನು
ತೂತಿನ ಮೇಲೆ ಮತ್ತೆ ಕಟ್ಟಿದ ಹಿಮವನ್ನು
ಸೌಟಿನಿಂದ ತೆಗೆದೆಸೆಯುತ್ತಿದ್ದ.